ಪದದ ಮೇಲಣ ಸ್ವರ: ಗೀತಪುಸ್ತಕಗಳಲ್ಲಿ ಸ್ವರಲಿಪಿಯ ಇತಿಹಾಸ

ಕೀರ್ತನಾಗ್ರಂಥದ 22ನೆಯ ಕೀರ್ತನೆಯ ತಲೆಬರಹದಲ್ಲಿ ಗಾಯಕರ ಮುಖ್ಯಸ್ಥನಿಗೆ ಒಂದು ಸೂಚನೆಯಿದೆ. ಅದರಲ್ಲಿ ‘ಅರುಣೋದಯದ ಜಿಂಕೆ’ ಎಂಬ ಹೆಸರು ಬರುತ್ತದೆ. 45, 69 ಮತ್ತು 80ನೆಯ ಕೀರ್ತನೆಗಳ ಮೇಲೆ ಲಿಲಿ ಹೂಗಳ ಹೆಸರಿದೆ. ಇವು ಅಂದಿನ ಜನರು ಬಲ್ಲ ಹಾಡುಗಳ ಧಾಟಿಯ ಹೆಸರುಗಳೆಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ಪದಗಳು ನಮಗೆ ದೊರೆತಿವೆ, ಧಾಟಿಯ ಹೆಸರೂ ದೊರೆತಿದೆ. ಧಾಟಿ ಮಾತ್ರ ದೊರೆತಿಲ್ಲ. ಕ್ರಿಸ್ತನು ಶಿಲುಬೆಯ ಮೇಲೆ ಉಚ್ಚರಿಸಿದ ಕೀರ್ತನೆಯನ್ನು ಅಂದಿನ ದೇವಾಲಯದಲ್ಲಿ ಹೇಗೆ ಹಾಡುತ್ತಿದ್ದರೆಂಬುದನ್ನು ಇಂದು ಯಾರೂ ಹೇಳಲಾರರು. ಧಾಟಿಯ ಹೆಸರನ್ನು ಬರೆದಿಟ್ಟ ಮಾತ್ರಕ್ಕೆ ಧಾಟಿ ಉಳಿಯುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಧರ್ಮಕೇಂದ್ರಗಳಲ್ಲಿ ಪದಗಳನ್ನಷ್ಟೇ ಅಚ್ಚು ಹಾಕಿಸಿ ಹಂಚುವ ನಾವು ಈ ಪಾಠವನ್ನು ನೆನೆಯಬೇಕಾಗಿದೆ.

ಧರ್ಮಸಭೆ ಈ ಸಮಸ್ಯೆಯನ್ನು ಬಹುಕಾಲದಿಂದ ಬಲ್ಲುದು. ಸ್ವರಗಳನ್ನು ಮನುಷ್ಯನ ನೆನಪು ಹಿಡಿದಿಡದಿದ್ದರೆ ಅವು ಅಳಿದುಹೋಗುತ್ತವೆ, ಅವನ್ನು ಬರೆಯಲಾಗದು ಎಂದು 7ನೆಯ ಶತಮಾನದಲ್ಲಿ ಸೆವಿಲ್ಲದ ಸಂತ ಇಸಿದೋರರು ಅಭಿಪ್ರಾಯಪಟ್ಟಿದ್ದರು. ಮುಂದೆ 9 ಮತ್ತು 10ನೆಯ ಶತಮಾನಗಳಲ್ಲಿ ಸೇಂಟ್ ಗಾಲೆನ್ ಮೊದಲಾದ ಮಠಗಳ ಲಿಪಿಕಾರರು ಲತೀನ್ ಪದಗಳ ಮೇಲೆ ‘ನ್ಯೂಮ’ ಎಂಬ ಸಣ್ಣ ಗುರುತುಗಳನ್ನು ಎಳೆದರು. ಧ್ವನಿ ಏರುವುದನ್ನೂ ಇಳಿಯುವುದನ್ನೂ ಅವು ಸೂಚಿಸುತ್ತಿದ್ದವು. ಎಷ್ಟು ಏರಬೇಕೆಂಬುದನ್ನು ಸೂಚಿಸುತ್ತಿರಲಿಲ್ಲ. ಹಾಡನ್ನು ಮೊದಲೇ ಬಲ್ಲವನಿಗೆ ಮಾತ್ರ ಅವು ನೆರವಾಗುತ್ತಿದ್ದವು. 11ನೆಯ ಶತಮಾನದಲ್ಲಿ ಅರೆತ್ಸೊದ ಗ್ವಿದೊ ಎಂಬ ಸನ್ಯಾಸಿ ಗೆರೆಗಳ ಮೇಲೂ ನಡುವೆಯೂ ಸ್ವರಗಳಿಗೆ ಸ್ಥಾನ ಗೊತ್ತುಪಡಿಸಿದ ಮೇಲೆ, ಎಂದೂ ಕೇಳದ ಹಾಡನ್ನು ಕೂಡ ಪುಟ ನೋಡಿ ಹಾಡುವುದು ಸಾಧ್ಯವಾಯಿತು.

ಮುದ್ರಣ ಬಂದಾಗ ತೊಡಕು ಮರಳಿತು. ಅಚ್ಚಿನ ಮೊಳೆಗಳು ಅಕ್ಷರಗಳನ್ನು ಸುಲಭವಾಗಿ ಜೋಡಿಸಿದವು. ಗೆರೆಯ ಮೇಲೆ ಸ್ವರವನ್ನು ಕೂರಿಸುವುದು ಕಷ್ಟವಾಯಿತು. 1457ರ ಮೈಂಟ್ಸ್ ಕೀರ್ತನಾಗ್ರಂಥದಲ್ಲಿ ಪದಗಳು ಅಚ್ಚಾದವು, ಸ್ವರಗಳನ್ನು ಕೈಯಿಂದಲೇ ಬರೆಯಬೇಕಾಯಿತು. 1501ರಲ್ಲಿ ವೆನಿಸ್ಸಿನ ಪೆತ್ರುಚ್ಚಿ ಒಂದೇ ಹಾಳೆಯನ್ನು ಹಲವು ಸಲ ಯಂತ್ರಕ್ಕೆ ಕೊಟ್ಟು, ಗೆರೆ, ಸ್ವರ, ಪದಗಳನ್ನು ಬೇರೆಬೇರೆಯಾಗಿ ಮುದ್ರಿಸಿದನು. ಫಲ ಸುಂದರವಾಗಿತ್ತು, ವೆಚ್ಚ ಬಹಳವಾಗಿತ್ತು.

1841ನೆಯ ಇಸವಿ ಎರಡು ಕಾರಣಗಳಿಂದ ನಮಗೆ ಮುಖ್ಯ. ಆ ವರ್ಷ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಅದೇ ವರ್ಷ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಕೂಡಿದ ಭಾನುವಾರದ ಶಾಲೆಗಳ ಶಿಕ್ಷಕರು, ಬಡ ಮಕ್ಕಳಿಗೆ ಹಾಡು ಕಲಿಸುವ ಸುಲಭ ಕ್ರಮವೊಂದನ್ನು ಹುಡುಕಿಕೊಡಬೇಕೆಂದು ಜಾನ್ ಕರ್ವೆನ್ ಎಂಬ ಬೋಧಕರನ್ನು ಕೇಳಿಕೊಂಡರು. ಸಾರಾ ಗ್ಲೋವರ್ ರೂಪಿಸಿದ್ದ ಪದ್ಧತಿಯನ್ನು ಅವರು ತಿದ್ದಿ ‘ಟಾನಿಕ್ ಸೋಲ್-ಫಾ’ ಆಗಿ ಬೆಳೆಸಿದರು. ಅದರಲ್ಲಿ ಗೆರೆಗಳಿಲ್ಲ, ಅಕ್ಷರಗಳಷ್ಟೇ. ಸಾಮಾನ್ಯ ಮೊಳೆಗಳಿಂದ ಯಾವ ಮುದ್ರಣಾಲಯವಾದರೂ ಅಚ್ಚು ಹಾಕಬಹುದಿತ್ತು. ಆಫ್ರಿಕಾ, ಮಡಗಾಸ್ಕರ್ ಮತ್ತು ಪೆಸಿಫಿಕ್ ದ್ವೀಪಗಳ ಮಿಷನರಿಗಳು ಅದನ್ನು ಆದರದಿಂದ ಸ್ವೀಕರಿಸಿದರು.

ಅಕ್ಷರಗಳಿಂದಲೇ ಸ್ವರ ಬರೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಸ ರಿ ಗ ಮ ಪ ದ ನಿ ಎಂಬವೇ ನಮ್ಮ ಲಿಪಿ. ಟಾನಿಕ್ ಸೋಲ್-ಫಾದಂತೆ ಇಲ್ಲಿಯೂ ಆಧಾರಸ್ವರವನ್ನು ಹಾಡುವವನ ಕಂಠಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. 1893ರಲ್ಲಿ ಮದರಾಸಿನ ಕ್ರೈಸ್ತರಾದ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು ಕರ್ನಾಟಕ ಸಂಗೀತದ ಕೃತಿಗಳನ್ನು ಪಾಶ್ಚಾತ್ಯ ಗೆರೆಲಿಪಿಯಲ್ಲಿ ಅಚ್ಚು ಹಾಕಿಸಿದರು. ಅವರ ಪ್ರೋತ್ಸಾಹ ಪಡೆದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ತೆಲುಗು ಲಿಪಿಯಲ್ಲಿ ಹೊರಬಂದಾಗ, ಸ್ವರಾಕ್ಷರಗಳೊಡನೆ ಗಮಕದ ಚಿಹ್ನೆಗಳೂ ಇದ್ದವು. ಅನ್ಯಮತದ ಕೃತಿಗಳನ್ನು ಉಳಿಸಲು ಒಬ್ಬ ಕ್ರೈಸ್ತರು ಅಷ್ಟು ಶ್ರಮಿಸಿರುವಾಗ, ನಮ್ಮ ಹಾಡುಗಳಿಗೆ ಅಷ್ಟನ್ನಾದರೂ ಮಾಡುವುದು ನಮ್ಮ ಹೊಣೆ.

ಮಂಡ್ಯ ಜಿಲ್ಲೆಯಲ್ಲಿಯೇ ಎರಡು ನಿದರ್ಶನಗಳಿವೆ. ಸಂತ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ಪ್ರಾರ್ಥನೆಗೆ 1865ರಲ್ಲಿ ಡೈಕ್ಸ್ ಎಂಬವರು ಹೆಸರಾಂತ ಧಾಟಿಯೊಂದನ್ನು ಕಟ್ಟಿದರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಆ ಪ್ರಾರ್ಥನೆಯನ್ನು ಕನ್ನಡಿಸಿದರು; 1926ರ ‘ಇಂಗ್ಲಿಷ್ ಗೀತಗಳು’ ಮೂಲಕ ಅದು ನಾಡಿಗೆಲ್ಲ ಪರಿಚಿತವಾಯಿತು. ಕಾಗದದ ಮೇಲೆ ಪ್ರಯಾಣ ಮಾಡಿದ್ದು ಪದವೇ. ಕನ್ನಡಿಗರು ಅದಕ್ಕೆ ತಮ್ಮ ರಾಗಗಳನ್ನು ತೊಡಿಸಿದರು. ಎರಡನೆಯದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆ. ತಂಬೂರಿ, ತಾಳ, ಗಗ್ಗರಗಳೊಡನೆ ನೀಲಗಾರರು ಹಾಡುವ ಮಹಾಕಾವ್ಯ ಸ್ವರಲಿಪಿಯನ್ನು ಬೇಡದೆ ಉಳಿದಿದೆ. ಅಲ್ಲಿ ಗುರುವಿನಿಂದ ಶಿಷ್ಯನಿಗೆ ಹಾಡು ದಾಟುತ್ತದೆ. ನಮ್ಮ ಉಪದೇಶಿಗಳ ಹಾಡಿಗೆ ಅಂಥ ಶಿಷ್ಯಪರಂಪರೆ ಇಂದು ಉಳಿದಿದೆಯೇ ಎಂಬುದನ್ನು ಪ್ರತಿಯೊಂದು ಗಾನವೃಂದವೂ ಕೇಳಿಕೊಳ್ಳಬೇಕು. ಇಲ್ಲವಾದರೆ ಲಿಪಿ ಅನಿವಾರ್ಯ.

ಇಂದು ಗೀತಪುಸ್ತಕವನ್ನು ಗಣಕದಲ್ಲಿ ಸಿದ್ಧಪಡಿಸುವವರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಗೆರೆಲಿಪಿಯನ್ನು ಚಿತ್ರವಾಗಿ ಅಂಟಿಸುವುದು. ಅದು ಕಣ್ಣಿಗೆ ಅಂದ. ಆದರೆ ದೊಡ್ಡದು ಮಾಡಿದರೆ ಮಸುಕಾಗಬಹುದು, ಒಂದಕ್ಷರ ತಪ್ಪಿದರೂ ಚಿತ್ರವನ್ನೇ ಮತ್ತೆ ಮಾಡಬೇಕು, ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಮೂಕ. ಎರಡನೆಯದು, ಸ್ವರವನ್ನು ಪಠ್ಯಸಂಕೇತವಾಗಿ ಬರೆದು ಗಣಕದಿಂದಲೇ ಗೆರೆಲಿಪಿ ಮಾಡಿಸುವುದು. ಲಿಲಿಪಾಂಡ್ ಈ ಬಗೆಯದು. ಗ್ರೆಗೋರಿಯನ್ ಗಾನಕ್ಕೆಂದೇ ಇರುವ ಗ್ರೆಗೊರಿಯೊದಲ್ಲಿ ಪ್ರತಿ ಪದಭಾಗದ ಬಳಿಯೇ ಆವರಣದೊಳಗೆ ಅದರ ಸ್ವರವನ್ನು ಬರೆಯುತ್ತಾರೆ. ಹಳೆಯ ನ್ಯೂಮದಂತೆ ಸ್ವರ ಮತ್ತೆ ಪದದ ಮಗ್ಗುಲಿಗೆ ಬಂದಿದೆ. ಆದರೆ ಇದಕ್ಕೆ ಅಭ್ಯಾಸ ಬೇಕು.

ಮೂರನೆಯದು ಕನ್ನಡ ಸ್ವರಾಕ್ಷರ. ನಮ್ಮ ಹಳ್ಳಿಯ ಗಾನವೃಂದಗಳಿಗೆ ಇದೇ ಹೆಚ್ಚು ಒಗ್ಗುವುದೆಂದು ನಾವು ಭಾವಿಸುತ್ತೇವೆ. ಮೇಲಿನ ಸಾಲಿನಲ್ಲಿ ಸ್ವರ, ಕೆಳಗಿನ ಸಾಲಿನಲ್ಲಿ ಸಾಹಿತ್ಯ. ದೀರ್ಘಕ್ಕೆ ಅಲ್ಪವಿರಾಮ, ಅರ್ಧವಿರಾಮ. ತಾರಸ್ಥಾಯಿಗೆ ಮೇಲೆ ಚುಕ್ಕೆ, ಮಂದ್ರಕ್ಕೆ ಕೆಳಗೆ. ಎರಡು ಎಚ್ಚರಿಕೆಗಳು ಬೇಕು. ಕನ್ನಡ ಅಕ್ಷರಗಳ ಅಗಲ ಒಂದೇ ಸಮನಿಲ್ಲವಾದುದರಿಂದ ಖಾಲಿ ಜಾಗ ಬಿಟ್ಟು ಸಾಲು ಹೊಂದಿಸಿದರೆ ಫಾಂಟ್ ಬದಲಾದೊಡನೆ ಸ್ವರ ಬೇರೆ ಪದದ ಮೇಲೆ ಹೋಗಿ ಕೂರುತ್ತದೆ. ಆದುದರಿಂದ ಕೋಷ್ಟಕ ಮಾಡಿ, ಒಂದು ಎಣಿಕೆಗೆ ಒಂದು ಮನೆಯಂತೆ ತುಂಬಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ಬೇರೆ ಗಣಕದಲ್ಲಿ ಅರ್ಥವಿಲ್ಲದ ಗುರುತುಗಳಾಗಬಹುದು. ಯೂನಿಕೋಡ್ ಬಳಸಿದರೆ ಪಠ್ಯ ಬಾಳುತ್ತದೆ. ಗಮಕವನ್ನು ಅಕ್ಷರ ಪೂರ್ತಿಯಾಗಿ ಹಿಡಿಯಲಾರದು. ಅದಕ್ಕೆ ಹಿರಿಯರ ಕಂಠದ ಧ್ವನಿಮುದ್ರಣ ಜೊತೆಗಿರಬೇಕು.

ಇದು ಬರಿಯ ಅಚ್ಚಿನ ಕೆಲಸವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನಾ ಸಂವಿಧಾನದ 119ನೆಯ ಪರಿಚ್ಛೇದದಲ್ಲಿ, ಸ್ವಂತ ಸಂಗೀತಪರಂಪರೆಯುಳ್ಳ ಜನಾಂಗಗಳ ಸಂಗೀತಕ್ಕೆ ತಕ್ಕ ಗೌರವವನ್ನೂ ಆರಾಧನೆಯಲ್ಲಿ ತಕ್ಕ ಸ್ಥಾನವನ್ನೂ ಕೊಡಬೇಕೆಂದು ವಿಧಿಸಿತು. ತಾನು ಪಡೆದುದನ್ನೇ ಒಪ್ಪಿಸಿಕೊಟ್ಟೆನೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಪದವನ್ನು ಒಪ್ಪಿಸಿ ಸ್ವರವನ್ನು ಬಿಟ್ಟರೆ ನಾವು ಪಡೆದುದರಲ್ಲಿ ಅರ್ಧವನ್ನಷ್ಟೇ ಒಪ್ಪಿಸಿದಂತೆ. ಗುರು ಅಭ್ಯರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ತಪಸ್ಸುಕಾಲದಲ್ಲಿಯೂ ಮರಣದ ಮನೆಯಲ್ಲಿಯೂ ಹಾಡುವ ಹಿರಿಯರೊಬ್ಬರ ಬಳಿ ಕುಳಿತು, ಒಂದು ಹಾಡನ್ನಾದರೂ ಸ್ವರಸಹಿತವಾಗಿ ಬರೆದುಕೊಂಡು ಬರಲಿ.