ಕಾಮಣಿಯೂ ಕಾದ ಕಬ್ಬಿಣವೂ

ಬಾಳೆಹೊಸೂರಿನ ಸುತ್ತಣ ಸೀಮೆಯಲ್ಲಿ, ಅಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಲ್ಲಿ, ವಯಸ್ಸಾದವರ ತೋಳನ್ನೋ ಹೊಟ್ಟೆಯನ್ನೋ ಗಮನವಿಟ್ಟು ನೋಡಿದವರಿಗೆ ಅವರೆಕಾಳಿನಷ್ಟು ಅಗಲದ, ಸುತ್ತಲಿನ ಚರ್ಮಕ್ಕಿಂತ ತುಸು ನುಣುಪಾದ ಹಳೆಯ ಸುಟ್ಟ ಕಲೆಯೊಂದು ಕಣ್ಣಿಗೆ ಬೀಳುವುದುಂಟು. ಏನೆಂದು ಕೇಳಿದರೆ, "ಸಣ್ಣಾಕಿ ಇದ್ದಾಗ ಕಾಮಣಿ ಆಗಿತ್ತರೀ, ಚುಟಿಗಿ ಹಾಕಿಸಿದ್ರು" ಎಂಬ ಉತ್ತರ ಯಾವ ಸಂಕೋಚವೂ ಇಲ್ಲದೆ ಬರುತ್ತದೆ. ಕಣ್ಣೂ ಮೂತ್ರವೂ ಹಳದಿಗೆ ತಿರುಗುವ ಕಾಮಾಲೆಯನ್ನು ಕಾದ ಕಬ್ಬಿಣದಿಂದ ಸುಟ್ಟು ಇಳಿಸಬಹುದೆಂಬ ಈ ನಂಬುಗೆ ಈ ಸೀಮೆಯೊಂದರ ಸೊತ್ತಲ್ಲ. ಉತ್ತರ ಕರ್ನಾಟಕದ ಉದ್ದಗಲಕ್ಕೂ, ಅದರಾಚೆಗೂ ಅದು ಹಬ್ಬಿದೆ. ಆದರೆ ಒಂದು ಪದ್ಧತಿ ಹೇಗೆ ಬೇರೂರುತ್ತದೆ, ಫಲವಿಲ್ಲದ್ದು ಫಲಕಾರಿಯೆಂದು ತಲೆಮಾರುಗಳ ಕಾಲ ಹೇಗೆ ತೋರುತ್ತದೆ ಎಂಬುದನ್ನು ವಿಚಾರಿಸುವುದಕ್ಕೆ ಈ ಸೀಮೆಯ ಇತಿಹಾಸ ಅನುಕೂಲವಾಗಿದೆ.

ಸ್ವಾತಂತ್ರ್ಯಪೂರ್ವದಲ್ಲಿ ಈ ನೆಲ ಒಬ್ಬರ ಒಡೆತನಕ್ಕೆ ಸೇರಿರಲಿಲ್ಲ. ಲಕ್ಷ್ಮೇಶ್ವರ ಮೀರಜದ ಪಟವರ್ಧನರದು, ಶಿರಹಟ್ಟಿ ಸಾಂಗಲಿಯ ಪಟವರ್ಧನರದು, ಗದಗು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯದು. ಮೀರಜದಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ತೆರೆದ ಮಿಶನ್ ಆಸ್ಪತ್ರೆ ದಕ್ಷಿಣ ಮಹಾರಾಷ್ಟ್ರಕ್ಕೆಲ್ಲ ಹೆಸರಾಗಿತ್ತು. ಆದರೆ ಅದೇ ಸಂಸ್ಥಾನದ ಪ್ರಜೆಯಾದ ಲಕ್ಷ್ಮೇಶ್ವರದ ರೈತನಿಗೆ ಅದು ನೂರು ಮೈಲಿಗೂ ದೂರ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ನಡೆಸಿದ ದವಾಖಾನೆ ಹತ್ತಿರವಾಗಿದ್ದರೂ, ಸುಗ್ಗಿಯ ಕಾಲದಲ್ಲಿ ಬಂಡಿ ಕಟ್ಟಿ ಅಲ್ಲಿಗೆ ಹೋಗಬಲ್ಲ ಮನೆಗಳು ಎಷ್ಟಿದ್ದಾವು? ಆದುದರಿಂದ ಔಷಧವೆಂದರೆ ಕಪ್ಪತಗುಡ್ಡದ ಬೇರು ಸೊಪ್ಪು, ವೈದ್ಯನೆಂದರೆ ಊರಿನೊಳಗಣ ಯಾವುದೋ ಒಂದು ಮನೆತನದ ಹಿರಿಯ. ಆತ ಹಣ ಮುಟ್ಟುವುದಿಲ್ಲ; ಧರ್ಮಕ್ಕೆ ಕೊಡುವ ಔಷಧವೆಂಬ ಬಿರುದೇ ಅವನ ವಿದ್ಯೆಗೆ ಮುದ್ರೆ. ತೆಂಗಿನಕಾಯಿ, ಎಲೆ, ಅಡಿಕೆ ಇಷ್ಟೇ ಅವನ ಸಂಭಾವನೆ. ಹಣದ ಆಸೆಯಿಲ್ಲದವನು ಮೋಸ ಮಾಡಲಾರನೆಂಬ ತರ್ಕವನ್ನು ಯಾರು ತಾನೆ ಅಲ್ಲಗಳೆಯಬಲ್ಲರು? ಅವನು ಮೋಸಗಾರನೂ ಆಗಿರಲಿಲ್ಲ. ತನ್ನ ತಂದೆಯಿಂದ ಕಂಡು ಕಲಿತದ್ದನ್ನು ಮನಸಾರೆ ನಂಬಿ ಮಾಡುತ್ತಿದ್ದ ಗೃಹಸ್ಥನಾತ.

ಕ್ರಿಯೆ ಸರಳವಾದದ್ದು. ಆದಿತ್ಯವಾರವೋ ಗುರುವಾರವೋ, ಬೆಳಗಿನ ಹೊತ್ತು, ರೋಗಿ ಬರಿಹೊಟ್ಟೆಯಲ್ಲಿ ಬರಬೇಕು. ಒಲೆಯ ಕೆಂಡದಲ್ಲಿ ಸಣ್ಣ ಸಲಾಕೆಯನ್ನೋ ಕುಡುಗೋಲಿನ ತುದಿಯನ್ನೋ ಇಟ್ಟು ಕೆಂಪಗೆ ಕಾಯಿಸುವರು. ಹಸುಗೂಸಾದರೆ ಕಬ್ಬಿಣದ ಬದಲು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದ ಅರಿಷಿಣದ ಕೊಂಬು, ಇಲ್ಲವೆ ಕಾಯಿಸಿದ ಬಳೆಯ ಚೂರು. ದೊಡ್ಡವರಿಗೆ ತೋಳಿನ ಮೇಲೆ, ಕೂಸುಗಳಿಗೆ ಹೊಕ್ಕುಳ ಸುತ್ತ, ಒಂದು ಕ್ಷಣ ಮುಟ್ಟಿಸಿ ಎತ್ತುವರು. ತರುವಾಯ ಪಥ್ಯ: ಎಣ್ಣೆ, ಖಾರ, ಕರಿದದ್ದು ಕೂಡದು, ಅನ್ನ, ಮಜ್ಜಿಗೆ, ಸಪ್ಪನ ಸಾರು, ಹೊಲಕ್ಕೆ ಹೋಗುವಂತಿಲ್ಲ. ಹದಿನೈದು ದಿನವೋ ಮೂರು ವಾರವೋ ಕಳೆದ ಮೇಲೆ ಕಣ್ಣು ತಿಳಿಯಾಗುತ್ತದೆ. ಬೇರೆ ಕೆಲವೆಡೆ ರೋಗಿಯ ಕೈಗೆ ಮಾವಿನ ತೊಗಟೆಯ ರಸ ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆಯುವುದುಂಟು. ನೀರು ಹಳದಿಯಾಗಿ ಇಳಿಯುವುದನ್ನು ಕಂಡ ಮನೆಯವರು ರೋಗವೇ ಇಳಿಯಿತೆಂದು ಕೈಮುಗಿಯುವರು. ಆ ಹಳದಿ ತೊಗಟೆಗೂ ಸುಣ್ಣಕ್ಕೂ ಸಂಬಂಧಿಸಿದ್ದು; ನಿರೋಗಿಯ ಕೈಯಿಂದಲೂ ಅದು ಅಷ್ಟೇ ಧಾರಾಳವಾಗಿ ಇಳಿದೀತು.

ಸುಡುವ ಚಿಕಿತ್ಸೆಗೆ ಶಾಸ್ತ್ರದ ವಂಶಾವಳಿಯಿಲ್ಲವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯ ಅಗ್ನಿಕರ್ಮಕ್ಕೆ ಮೀಸಲಾಗಿದ್ದು, ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣ, ಲೋಹದ ಶಲಾಕೆ ಮೊದಲಾದ ಸಾಧನಗಳನ್ನು ಅದು ವಿವರಿಸುತ್ತದೆ. ಜೈನ ವಿದ್ಯೆಯ ಹಿರಿಯ ಕೇಂದ್ರಗಳಲ್ಲೊಂದಾದ, ಪಂಪನು ತನ್ನ ಕನ್ನಡದ ತಿರುಳನ್ನು ಗುರುತಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕನ್ನಡ ನಾಡಿನ ಜೈನ ಪಂಡಿತರು ವೈದ್ಯವನ್ನು ದೇಶಭಾಷೆಗೆ ತಂದವರಲ್ಲಿ ಮೊದಲಿಗರು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಕರ್ಣಾಟಕ ಕಲ್ಯಾಣಕಾರಕ, ವಿಷವೈದ್ಯವನ್ನು ಕುರಿತು ಮಂಗರಾಜನು 14ನೆಯ ಶತಮಾನದಲ್ಲಿ ಬರೆದ ಖಗೇಂದ್ರಮಣಿದರ್ಪಣ, ಇವು ಆ ಪರಂಪರೆಯ ಗಣ್ಯ ಕೃತಿಗಳು. ಆದರೆ ಹಳ್ಳಿಯ ಚುಟಿಗಿಯನ್ನು ಶಾಸ್ತ್ರದ ನೆರಳಿನಲ್ಲಿ ನಿಲ್ಲಿಸಲು ಹೊರಟವರು ಸುಶ್ರುತನ ಅದೇ ಅಧ್ಯಾಯವನ್ನು ಕೊನೆಯವರೆಗೆ ಓದುವುದೊಳಿತು. ಯಾರನ್ನು ಸುಡಬಾರದೆಂಬ ಪಟ್ಟಿಯನ್ನು ಆತ ಕೊಟ್ಟಿದ್ದಾನೆ. ಪಿತ್ತಪ್ರಕೃತಿಯವರು, ಒಳಗೆ ರಕ್ತಸ್ರಾವವಿರುವವರು, ದುರ್ಬಲರು, ಬಾಲಕರು, ವೃದ್ಧರು, ಭೀರುಗಳು ಎಲ್ಲರೂ ಅದರಲ್ಲಿ ಬರುತ್ತಾರೆ. ಕಾಮಾಲೆಯೋ ಆಯುರ್ವೇದದ ಲೆಕ್ಕದಲ್ಲಿ ಪಿತ್ತದ ವಿಕಾರ. ಚುಟಿಗಿಗೆ ಗುರಿಯಾದವರಲ್ಲಿ ಕೂಸುಗಳೇ ಹಲವು. ಪ್ರಾಚೀನನು ನಿಷೇಧಿಸಿದ್ದನ್ನೇ ಪ್ರಾಚೀನರ ಹೆಸರಿನಲ್ಲಿ ನಾವು ನಡೆಸಿಕೊಂಡು ಬಂದೆವೆಂಬುದನ್ನು ನೆನೆದಾಗ ನನಗೆ ವಿಷಾದವಾಗುತ್ತದೆ.

ಹಾಗಿದ್ದರೂ ರೋಗಿಗಳು ಗುಣವಾದರಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮ ಹಳ್ಳಿಗಳಲ್ಲಿ ಕಾಮಣಿಗೆ ಹೆಚ್ಚಾಗಿ ಕಾರಣವಾದದ್ದು ಹೊಲಸು ನೀರಿನಿಂದ ಬರುವ ಎ ಮತ್ತು ಇ ವರ್ಗದ ಯಕೃತ್ತಿನ ಸೋಂಕು. ಈ ಸೋಂಕು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದು. ಅದಕ್ಕೆ ಬೇಕಾದದ್ದು ವಿಶ್ರಾಂತಿ, ಶುದ್ಧ ನೀರು, ಹಗುರ ಆಹಾರ. ಹೊಲಕ್ಕೆ ಹೋಗದೆ ಮಜ್ಜಿಗೆ ಅನ್ನ ಉಂಡು ಮಲಗಿದವನು ಕಬ್ಬಿಣ ಮುಟ್ಟಿಸಿಕೊಳ್ಳದಿದ್ದರೂ ಅಷ್ಟೇ ದಿನಗಳಲ್ಲಿ ಎದ್ದು ಕೂಡುತ್ತಿದ್ದ. ಎದ್ದವರು ಸಂತೆಯಲ್ಲಿ ಹತ್ತು ಮಂದಿಗೆ ಹೇಳಿದರು. ಏಳದವರನ್ನು ಕುರಿತು ಮನೆಯವರು ವಿಧಿಲಿಖಿತವೆಂದು ಮೌನವಾದರು. ಇ ವರ್ಗದ ಸೋಂಕು ಬಸಿರಿನ ಕೊನೆಯ ತಿಂಗಳುಗಳಲ್ಲಿ ಬಂದರೆ ನೂರಕ್ಕೆ 20ರಿಂದ 25 ಮಂದಿಯವರೆಗೆ ಸಾಯುವುದುಂಟೆಂದು ವೈದ್ಯಗ್ರಂಥಗಳು ಹೇಳುತ್ತವೆ; ಚುಟಿಗಿಯ ಕೀರ್ತಿಯ ಲೆಕ್ಕದಲ್ಲಿ ಆ ಹೆಂಗಸರಿಗೆ ಸ್ಥಾನವೇ ಇರಲಿಲ್ಲ. ಹಾವಿನ ಮಂತ್ರದ ಕೀರ್ತಿಯೂ ಇಂಥದೇ. ವಿಷವಿಲ್ಲದ ಹಾವುಗಳೇ ಹೆಚ್ಚು, ವಿಷದ ಹಾವೂ ಒಮ್ಮೊಮ್ಮೆ ವಿಷವಿಳಿಸದೆ ಕಚ್ಚುವುದುಂಟು. ಅಂಥ ಪ್ರತಿಯೊಂದು ಪ್ರಾಣವೂ ಮಂತ್ರಗಾರನ ಖಾತೆಗೆ ಜಮೆಯಾಯಿತು. ಹಾವು ಕಚ್ಚಿದವರನ್ನು ವೈದ್ಯೋಪಚಾರದಿಂದ ತಡೆದು ಮಂತ್ರಕ್ಕೂ ಗಂಡದಾರಕ್ಕೂ ಒಪ್ಪಿಸುವುದನ್ನು ಕರ್ನಾಟಕ ಸರ್ಕಾರ ಕಾನೂನಿನಿಂದ ನಿಷೇಧಿಸಬೇಕಾದದ್ದು 2017ರಷ್ಟು ಈಚೆಗೆ.

ರೋಗದ ಸಹಜ ಗತಿಯನ್ನೂ ಚಿಕಿತ್ಸೆಯ ಪ್ರಭಾವವನ್ನೂ ಬೇರ್ಪಡಿಸುವ ಉಪಾಯ ತೋರಿದವರಲ್ಲಿ ಇಂಗ್ಲೆಂಡಿನ ಜಾನ್ ಹೇಗಾರ್ತ್ ಎಂಬ ವೈದ್ಯನ ಹೆಸರನ್ನು ಇಲ್ಲಿ ಹೇಳದಿರಲಾರೆ. ಪರ್ಕಿನ್ಸ್ ಎಂಬ ಅಮೆರಿಕದವನು ಎರಡು ಲೋಹದ ಕಡ್ಡಿಗಳನ್ನು ಮೈಮೇಲೆ ಎಳೆದರೆ ಸಂಧಿವಾತದ ನೋವು ಹೊರಟುಹೋಗುವುದೆಂದು ಸಾರಿ, ಅವನ್ನು ಬಹಳ ಬೆಲೆಗೆ ಮಾರುತ್ತಿದ್ದ ಕಾಲವದು. 1799ರಲ್ಲಿ ಹೇಗಾರ್ತ್ ಬಾತ್ ಪಟ್ಟಣದ ಆಸ್ಪತ್ರೆಯಲ್ಲಿ, ಲೋಹದಂತೆಯೇ ತೋರುವ ಮರದ ಕಡ್ಡಿಗಳನ್ನು ಐವರು ರೋಗಿಗಳ ಮೇಲೆ ಎಳೆಯಿಸಿದ. ನಾಲ್ವರು ನೋವು ಇಳಿಯಿತೆಂದರು. ಮರುದಿನ ನಿಜವಾದ ಲೋಹದ ಕಡ್ಡಿ ಎಳೆದಾಗಲೂ ಪರಿಣಾಮ ಹಾಗೆಯೇ ಇತ್ತು. ಆ ರೋಗಿಗಳು ಸುಳ್ಳಾಡಲಿಲ್ಲ. ಅವರಿಗೆ ನೋವು ಇಳಿದದ್ದು ನಿಜ, ಇಳಿಸಿದ್ದು ಲೋಹವಲ್ಲವೆಂಬುದೂ ನಿಜ. ಪ್ಲಸೀಬೊ ಎಂದು ವೈದ್ಯಲೋಕ ಈಗ ಕರೆಯುವ ಹುಸಿಮದ್ದಿನ ವಿಚಾರವೆಲ್ಲ ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳುವ ಸಾಮರ್ಥ್ಯದಲ್ಲಿದೆ.

ನಮ್ಮ ಸಲಾಕೆಗಿಂತ ಬಹಳ ಸುಸಂಸ್ಕೃತವಾಗಿ ತೋರುವ ಚೀನದ ಸೂಜಿಚಿಕಿತ್ಸೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿದ್ದಾರೆ. ಆಕ್ಯುಪಂಕ್ಚರ್ ಭಾರತಕ್ಕೆ ಬಂದ ದಾರಿಗೆ ನಮ್ಮ ಗಡಿಯ ಊರಾದ ಸೊಲ್ಲಾಪುರದ ನೆನಪೂ ಬೆಸೆದಿದೆ. ಅಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸರೊಡನೆ 1938ರಲ್ಲಿ ಚೀನಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರಾದ ಬಿ. ಕೆ. ಬಸು, ಮುಂದೆ ಮತ್ತೆ ಅಲ್ಲಿಗೆ ಹೋಗಿ ಸೂಜಿಯ ವಿದ್ಯೆ ಕಲಿತು ಕಲಕತ್ತೆಯಲ್ಲಿ ಅದನ್ನು ನೆಲೆಗೊಳಿಸಿದರು. ಕೋಟ್ನೀಸರು ಶಸ್ತ್ರವೈದ್ಯರಾಗಿ ಗಾಯಾಳುಗಳ ಸೇವೆಯಲ್ಲಿ ದಣಿದು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಚೀನವೂ ಈ ಚಿಕಿತ್ಸೆಯನ್ನು ಅವಿಚ್ಛಿನ್ನವಾಗಿ ಗೌರವಿಸಿತೆಂಬುದು ತಪ್ಪು: 1822ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ರಾಜವೈದ್ಯಶಾಲೆಯಲ್ಲಿ ಅದರ ಪಾಠ ನಿಂತಿತ್ತು, 1950ರ ದಶಕದಲ್ಲಿ ಹೊಸ ಆಳ್ವಿಕೆ ಅದನ್ನು ಎತ್ತಿ ನಿಲ್ಲಿಸಿತು. 1971ರಲ್ಲಿ ಪೀಕಿಂಗಿನಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಅಪೆಂಡಿಕ್ಸ್ ಶಸ್ತ್ರಕ್ರಿಯೆ ಆದದ್ದು ಮಾಮೂಲಿನ ಅರಿವಳಿಕೆಯ ಚುಚ್ಚುಮದ್ದಿನಿಂದ. ಹೊಟ್ಟೆಯುಬ್ಬರಕ್ಕೆ ಸೂಜಿ ಚುಚ್ಚಿದ್ದು ಆ ಬಳಿಕ. ಜಗತ್ತು ಮಾತ್ರ ಸೂಜಿಯಿಂದಲೇ ಶಸ್ತ್ರಕ್ರಿಯೆ ನಡೆಯಿತೆಂದು ನೆನಪಿಟ್ಟುಕೊಂಡಿತು.

ಜರ್ಮನಿಯಲ್ಲಿ ಬೆನ್ನುನೋವಿನ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಾಸ್ತ್ರೋಕ್ತ ಸ್ಥಾನದಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿಗೂ, ಶಾಸ್ತ್ರಕ್ಕೆ ಸಂಬಂಧವಿಲ್ಲದ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ 44.2 ಮಂದಿಗೂ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 27.4 ಮಂದಿಗೂ ಗುಣ ಕಂಡಿತು. ಸ್ಥಾನ ಯಾವುದಾದರೂ ಚಿಂತೆಯಿಲ್ಲವೆಂದರೆ ಸ್ಥಾನಗಳ ಶಾಸ್ತ್ರ ಕುಸಿದಂತೆಯೇ ಸರಿ. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು 2011ರಲ್ಲಿ ಅಮೆರಿಕದಿಂದ ಬಂದ ದಮ್ಮಿನ ರೋಗಿಗಳ ಪರೀಕ್ಷೆ. ನೆರೆಯ ಕೊಪ್ಪಳ ಸೀಮೆಯಲ್ಲಿ ಮಿರಗದ ಮಳೆ ಕೂಡುವ ಹೊತ್ತಿಗೆ ದಮ್ಮಿನ ಔಷಧಕ್ಕಾಗಿ ಜನ ಸೇರುವುದನ್ನು ಬಲ್ಲ ನಮಗೆ ಅದು ಹತ್ತಿರದ ಮಾತು. ಆ ಪರೀಕ್ಷೆಯಲ್ಲಿ ಒಮ್ಮೆ ನಿಜವಾದ ಔಷಧ, ಒಮ್ಮೆ ಹುಸಿ ಔಷಧ, ಒಮ್ಮೆ ಹುಸಿ ಸೂಜಿ, ಒಮ್ಮೆ ಏನೂ ಇಲ್ಲ, ಹೀಗೆ ಅದೇ ರೋಗಿಗಳಿಗೆ ಸರದಿಯಂತೆ ಕೊಟ್ಟರು. ಮೊದಲ ಮೂರರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಸುಧಾರಿಸಿತೆಂದೇ ರೋಗಿಗಳು ಹೇಳಿದರು. ಆದರೆ ಉಸಿರನ್ನು ಯಂತ್ರದಿಂದ ಅಳೆದಾಗ, ನಿಜವಾದ ಔಷಧದಿಂದ ಅದು ನೂರಕ್ಕೆ 20ರಷ್ಟು ಹಿಗ್ಗಿತ್ತು. ಉಳಿದ ಮೂರರಲ್ಲೂ 7ರಷ್ಟು ಮಾತ್ರ. ಹುಸಿಯಿಂದ ಸಮಾಧಾನವಾದ ರೋಗಿಯ ಶ್ವಾಸನಾಳ ಬಹುಮಟ್ಟಿಗೆ ಮೊದಲಿನಷ್ಟೇ ಇರುಕಾಗಿತ್ತು.

ನೋವಿಗೆ ಸಮಾಧಾನವೇ ಒಂದು ಔಷಧವಾಗಬಲ್ಲದು. ಅದನ್ನು ನಾನು ಹಗುರವಾಗಿ ಕಾಣಲಾರೆ. ಯಕೃತ್ತಿಗೆ, ಶ್ವಾಸನಾಳಕ್ಕೆ, ಹಾವಿನ ವಿಷಕ್ಕೆ ಸಮಾಧಾನದ ಭಾಷೆ ಕೇಳಿಸದು. ಹಸುಗೂಸಿನ ವಿಷಯದಲ್ಲಂತೂ ಅಷ್ಟೂ ಇಲ್ಲ: ಮೂರು ದಿನದ ಕೂಸಿಗೆ ನಂಬುಗೆಯೆಂಬುದಿಲ್ಲ, ನಿರೀಕ್ಷೆಯೆಂಬುದಿಲ್ಲ. ಚುಟಿಗಿಯಿಂದ ನೆಮ್ಮದಿ ಸಿಗುವುದು ತಾಯಿಗೆ, ಅಜ್ಜಿಗೆ. ಬೇಯುವುದು ಕೂಸಿನ ಚರ್ಮ. ಹುಟ್ಟಿದ ಎರಡು ಮೂರನೆಯ ದಿನ ಕಾಣಿಸಿಕೊಳ್ಳುವ ಹಳದಿ ಬಹುಪಾಲು ಕೂಸುಗಳಲ್ಲಿ ಒಂದೆರಡು ವಾರಗಳಲ್ಲಿ ತಾನೇ ಹೋಗುತ್ತದೆ. ಅಂಥ ಕೂಸುಗಳೇ ಚುಟಿಗಿಗೆ ಹೆಸರು ತಂದವು. ಕೆಲವಕ್ಕೆ ಮಾತ್ರ ಆ ಹಳದಿ ಮಿತಿಮೀರಿ ಮಿದುಳಿಗೇರಿ ಕಿವುಡನ್ನೋ ಸಾವನ್ನೋ ತರುತ್ತದೆ. ಅಂಥಲ್ಲಿ ಒಂದೊಂದು ತಾಸೂ ಬೆಲೆಯುಳ್ಳದ್ದು.

ಈ ರೋಗಕ್ಕೆ ನಿಜವಾದ ಉಪಾಯ ಸಿಕ್ಕ ಬಗೆಯೂ ಹಳ್ಳಿಯ ಅನುಭವದಂಥ ಒಂದು ಕಾಣ್ಕೆಯಿಂದಲೇ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫೋರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದಳು; ಬಿಸಿಲು ತಾಗಿದ ಚರ್ಮ ತಿಳಿಯಾಗಿ, ಬಟ್ಟೆ ಮುಚ್ಚಿದ ಭಾಗ ಹಳದಿಯಾಗಿಯೇ ಉಳಿದದ್ದನ್ನು ವೈದ್ಯರಿಗೆ ತೋರಿಸಿದಳು. ಅವರು ದಾದಿಯ ಮಾತೆಂದು ತಳ್ಳಲಿಲ್ಲ, ಕಂಡದ್ದೇ ಪ್ರಮಾಣವೆಂದು ಒಪ್ಪಿ ಸುಮ್ಮನಾಗಲೂ ಇಲ್ಲ. ರಕ್ತವನ್ನು ತೆಗೆದು ಅಳೆದರು, ದೀಪಗಳ ತೊಟ್ಟಿಲು ಮಾಡಿ ಮತ್ತೆ ಅಳೆದರು, 1958ರಲ್ಲಿ ಪ್ರಕಟಿಸಿದರು. ಇಂದು ಕೂಸುಗಳ ವಾರ್ಡುಗಳಲ್ಲಿ ಉರಿಯುವ ನೀಲಿ ದೀಪದ ಮೂಲವಿದು. ಎಣ್ಣೆ ನೀರು ಮಾಡಿಸಿದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ನಮ್ಮ ಅಜ್ಜಿಯರಿಗೂ ಆ ದಾದಿಗೂ ನಡುವೆ ಬುದ್ಧಿಯ ಅಂತರವೇನೂ ಇರಲಿಲ್ಲ; ಅವರು ಕಂಡದ್ದನ್ನು ಕೇಳಿಸಿಕೊಂಡು ಅಳೆಯುವ ಜನ ನಮ್ಮ ಹಳ್ಳಿಯ ಹತ್ತಿರ ಇರಲಿಲ್ಲ.

ಚುಟಿಗಿ ಈಗಲೂ ನಿಂತಿಲ್ಲ. "ಮೊದಲ ಚುಟಿಗಿ ಹಾಕಿಸ್ರಿ, ಆಮ್ಯಾಲೆ ದವಾಖಾನಿಗೆ ಹೋಗೂಣಂತ" ಎಂಬ ಮಾತು ಬಾಣಂತಿಯ ಕೋಣೆಗಳಲ್ಲಿ ಕೇಳಬರುತ್ತದೆ, ಆ ಮೊದಲಿಗೂ ಆಮೇಲಿಗೂ ನಡುವೆ ಕಳೆಯುವ ಎರಡು ಮೂರು ದಿನಗಳೇ ಕೂಸಿಗೆ ಕಂಟಕ. ಇದನ್ನು ನಿಲ್ಲಿಸಬಲ್ಲವರು ಚುಟಿಗಿ ಹಾಕುವ ಮನೆತನದ ಹಿರಿಯರೇ ಎಂದು ನನ್ನ ದೃಢವಾದ ಅಭಿಪ್ರಾಯ. ಸರ್ಕಾರದ ಭಿತ್ತಿಪತ್ರವನ್ನು ನಂಬದ ಊರು ಅವರನ್ನು ನಂಬುತ್ತದೆ. ತಿಂಗಳು ತುಂಬದ ಕೂಸನ್ನೂ ಬಸುರಿ ಹೆಂಗಸನ್ನೂ ಸಲಾಕೆ ಮುಟ್ಟಿಸದೆ, ಹೊಸ್ತಿಲಿನಿಂದಲೇ ಲಕ್ಷ್ಮೇಶ್ವರಕ್ಕೋ ಗದಗಿಗೋ ಅವರೇ ಕಳಿಸಿಕೊಟ್ಟರೆ, ಮನೆಯವರು ಅಂದೇ ಬಸ್ಸು ಹತ್ತುತ್ತಾರೆ.