ಸೂಜಿಮೊನೆಯ ಅಪಾಯ: ಆಸ್ಪತ್ರೆ ನೌಕರರ ರಕ್ಷಣೆ ಹೇಗೆ?

ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವುದು ರೋಗಿಗೆ ಮಾತ್ರವಲ್ಲ. ಚುಚ್ಚುಮದ್ದು ನೀಡುವ ದಾದಿ, ರಕ್ತದ ಮಾದರಿ ಪಡೆಯುವ ಪ್ರಯೋಗಾಲಯ ತಂತ್ರಜ್ಞ, ವಾರ್ಡ್ ಗುಡಿಸುವ ಆಯಾ, ತ್ಯಾಜ್ಯದ ಚೀಲ ಹೊರುವ ಕಾರ್ಮಿಕ - ಇವರೆಲ್ಲರೂ ಬಳಸಿದ ಸೂಜಿಯ ಮೊನೆಗೆ ಸಿಲುಕಬಹುದು. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಹೀಗೆ ರಕ್ತದ ಮೂಲಕ ಹರಡುವ ಪ್ರಮುಖ ಸೋಂಕುಗಳು.

ಅಪಾಯದ ಪ್ರಮಾಣ

ಸೋಂಕಿತ ರಕ್ತವಿರುವ ಸೂಜಿ ಒಮ್ಮೆ ಚುಚ್ಚಿದಾಗ ಎಚ್‌ಐವಿ ತಗುಲುವ ಸಂಭವ ಸುಮಾರು ಶೇ. 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗುಲುವ ಸಂಭವವಾದರೋ ಶೇ. 6ರಿಂದ 30. ಜನ ಹೆಚ್ಚು ಹೆದರುವುದು ಎಚ್‌ಐವಿಗೆ. ಹೆಚ್ಚು ಸುಲಭವಾಗಿ ಅಂಟುವುದು ಹೆಪಟೈಟಿಸ್ ಬಿ. ಅದರ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಕಾರಕವಾಗಿಯೇ ಉಳಿಯಬಲ್ಲದು.

ಸಮಾಧಾನದ ಸಂಗತಿಯೆಂದರೆ, ಹೆಪಟೈಟಿಸ್ ಬಿ ತಡೆಗೆ ಲಸಿಕೆಯಿದೆ. ಮೊದಲ ಡೋಸ್ ಪಡೆದ ಬಳಿಕ 1 ಮತ್ತು 6ನೇ ತಿಂಗಳಲ್ಲಿ ಇನ್ನೆರಡು ಡೋಸ್ ಪಡೆಯಬೇಕು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಆದರೆ ಮಾತ್ರೆಗಳಿಂದ ಬಹುತೇಕ ರೋಗಿಗಳು ಗುಣಮುಖರಾಗುತ್ತಾರೆ.

ಮುನ್ನೆಚ್ಚರಿಕೆ

* ಯಾರ ರಕ್ತದಲ್ಲಿ ಸೋಂಕಿದೆಯೆಂದು ನೋಡಿ ಹೇಳಲಾಗದು. ಆದ್ದರಿಂದ ಪ್ರತಿಯೊಬ್ಬರ ರಕ್ತವನ್ನೂ ಸೋಂಕಿನದೆಂದೇ ಭಾವಿಸಿ ಕೈಗವಸು ಧರಿಸಬೇಕು.
* ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು.
* ಸೂಜಿ, ಬ್ಲೇಡ್‌ಗಳನ್ನು ಕೂಡಲೇ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು.
* ಮನೆಯಲ್ಲಿ ಇನ್ಸುಲಿನ್ ಪಡೆಯುವವರು ಸೂಜಿಯನ್ನು ಕಸದ ಬುಟ್ಟಿಗೆ ಎಸೆಯದೆ, ಗಟ್ಟಿ ಡಬ್ಬಿಯಲ್ಲಿಟ್ಟು ಪ್ರತ್ಯೇಕವಾಗಿ ನೀಡಬೇಕು. ಪೌರಕಾರ್ಮಿಕರ ಕೈ ಉಳಿಯುವುದು ಇದರಿಂದಲೇ.

ಸೂಜಿ ಚುಚ್ಚಿದರೆ

ಗಾಯವನ್ನು ಸೋಪು, ನೀರಿನಿಂದ ತೊಳೆಯಬೇಕು. ಹಿಂಡುವುದು, ಉಜ್ಜುವುದು, ಬೆರಳನ್ನು ಬಾಯಿಗಿಡುವುದು ಸಲ್ಲದು. ಕಣ್ಣಿಗೆ ರಕ್ತ ಸಿಡಿದಿದ್ದರೆ ಶುದ್ಧ ನೀರಿನಿಂದ ತೊಳೆಯಬೇಕು. ತಕ್ಷಣ ಮೇಲಧಿಕಾರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆ ಔಷಧವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಕೆಲಸ ಹೋದೀತೆಂಬ ಭಯದಿಂದಲೋ, ಸಂಕೋಚದಿಂದಲೋ ವಿಷಯ ಮುಚ್ಚಿಟ್ಟರೆ ಈ ಅಮೂಲ್ಯ ಗಂಟೆಗಳು ಕೈತಪ್ಪುತ್ತವೆ.

ಕಾನೂನಿನ ಬಲ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಈ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಹಾಗೂ ಧನುರ್ವಾಯು ಲಸಿಕೆ, ತರಬೇತಿ ಮತ್ತು ರಕ್ಷಣಾ ಸಾಧನ ಒದಗಿಸುವುದು ಆಸ್ಪತ್ರೆಯ ಹೊಣೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 19ನೇ ಸೆಕ್ಷನ್, ಸೋಂಕಿಗೆ ಒಡ್ಡಿಕೊಳ್ಳಬಹುದಾದ ನೌಕರರೆಲ್ಲರಿಗೂ ಮುನ್ನೆಚ್ಚರಿಕೆಯ ಸಾಧನ, ತರಬೇತಿ ಹಾಗೂ ತಡೆ ಔಷಧ ನೀಡಬೇಕೆನ್ನುತ್ತದೆ. ಆದ್ದರಿಂದ ಗುತ್ತಿಗೆ ನೌಕರರೆಂಬ ಕಾರಣಕ್ಕೆ ಯಾರನ್ನೂ ಈ ರಕ್ಷಣೆಯಿಂದ ಹೊರಗಿಡುವಂತಿಲ್ಲ. ಲಸಿಕೆ ಆಗಿದೆಯೇ, ಡಬ್ಬಿ ಇದೆಯೇ ಎಂದು ಕೇಳುವುದು ನೌಕರರ ಹಕ್ಕು.