ಮಾಸ್ತರಿಕೆಯ ಓದಿಗೆ ಹಣ ಕೊಟ್ಟವರು

ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಚಿಕ್ಕೋಡಿ, ಅಥಣಿ ಕಡೆಯ ಹುಡುಗ ಕನ್ನಡ ಶಾಲೆಯ ಮಾಸ್ತರನಾಗಬೇಕೆಂದರೆ ಮುಲ್ಕಿ ಪರೀಕ್ಷೆ ಮುಗಿಸಿ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದ. ಕಲಿಯುವಾಗ ಸರ್ಕಾರದ ವಿದ್ಯಾರ್ಥಿವೇತನ. ಕಲಿತ ಮೇಲೆ ಸರ್ಕಾರಿ ಶಾಲೆಯಲ್ಲಿ ದುಡಿಮೆ. ಕೊಡುವವರಿಗೂ ಪಡೆಯುವವರಿಗೂ ನಡುವೆ ಒಂದು ಕರಾರಿತ್ತು.

ಇಂಗ್ಲಿಷ್ ಹೈಸ್ಕೂಲಿನಲ್ಲಿ ಕಲಿಸಲು ಪದವಿ ಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಅದಕ್ಕಾಗಿ ಕೊಲ್ಹಾಪುರ, ಪುಣೆ, ಮುಂಬಯಿಗಳೇ ಗತಿ. ಒಕ್ಕಲುತನದ ಮನೆಗಳಿಗೆ ಆ ಖರ್ಚು ಎಟುಕುತ್ತಿರಲಿಲ್ಲ. ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿ, ನಿಧಿ ಕೂಡಿಸಿ, ತಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ ನೆರವಾದರು. 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದರು. ಅವರ ಮೊದಲ ಶಾಲೆ ಮುಂದೆ ಹೊತ್ತ ಹೆಸರು ಗಿಲಗಂಚಿ–ಅರಟಾಳ ಹೈಸ್ಕೂಲು. ಹಣ ಕೂಡಿಸಿದವರ ನೆನಪು ಪಾಠ ಹೇಳುವವರ ಮನೆಯ ಮೇಲೆ ಉಳಿಯಿತು.

ಇಂದು ಚಿಕ್ಕೋಡಿಯೇ ಶೈಕ್ಷಣಿಕ ಜಿಲ್ಲೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅದರೊಳಗಿವೆ. ಪದವಿ ಕಾಲೇಜು ಊರ ಹತ್ತಿರಕ್ಕೇ ಬಂದಿದೆ. ಪದವಿಯಾದ ಮೇಲೆ ಬಿ.ಎಡ್.; 2015ರಿಂದ ಅದು ಎರಡು ವರ್ಷದ್ದು. ಆಮೇಲೆ ಟಿಇಟಿ, ನೇಮಕಾತಿ ಪರೀಕ್ಷೆ. ಪರಿಶಿಷ್ಟ, ಹಿಂದುಳಿದ ವರ್ಗಗಳ ಅರ್ಹರಿಗೆ ಸರ್ಕಾರದ ವಿದ್ಯಾರ್ಥಿವೇತನ ಈಗಲೂ ಉಂಟು. ಆದರೆ ಅದು ಓದಿನ ನೆರವು ಮಾತ್ರ, ನೌಕರಿಯ ಭರವಸೆಯಲ್ಲ. ದಾರಿ ಹತ್ತಿರವಾಯಿತು, ಹಳೆಯ ಕರಾರು ಹರಿಯಿತು. ಕಾಯುವ ವರ್ಷಗಳ ಖರ್ಚು ಈಗ ಮನೆಯವರದೇ.